ಸ್ಮಾರಕದ ಬಳಿ ಡಬ್ಬಿಯಿಲ್ಲದ ಜಿಯೋಕ್ಯಾಶ್: ಯಾವ ಬಗೆ ಯಾರಿಗೆ ಹೊಂದುತ್ತದೆ?

ಹಳೆಯ ಕೋಟೆಯ ಬಾಗಿಲಲ್ಲೋ ಶಾಸನದ ಕಲ್ಲಿನ ಮುಂದೋ ನಿಂತಾಗ "ಇಲ್ಲೊಂದು ಜಿಯೋಕ್ಯಾಶ್ ಇದ್ದಿದ್ದರೆ!" ಎಂದು ಈ ಆಟ ಆಡುವ ಎಲ್ಲರಿಗೂ ಒಮ್ಮೆಯಾದರೂ ಅನ್ನಿಸಿರುತ್ತದೆ. ಜಿಪಿಎಸ್ ಹಿಡಿದು, ಕೊಟ್ಟ ನಿರ್ದೇಶಾಂಕದ (ಅಕ್ಷಾಂಶ ರೇಖಾಂಶಗಳ) ಜಾಡಿನಲ್ಲಿ ಬೇರೆಯವರು ಬಚ್ಚಿಟ್ಟದ್ದನ್ನು ಹುಡುಕುವ ಆಟ ಜಿಯೋಕ್ಯಾಶಿಂಗ್. ಹುಡುಕಿ ಹೋಗುವ ಆ ಗುರಿಗೆ ಜಿಯೋಕ್ಯಾಶ್, ಚಿಕ್ಕದಾಗಿ ಕ್ಯಾಶ್ ಎಂದು ಹೆಸರು; ಸಾಮಾನ್ಯವಾಗಿ ಅದೊಂದು ಡಬ್ಬಿ. ಆದರೆ ಸ್ಮಾರಕದಲ್ಲಿ ಡಬ್ಬಿಯನ್ನು ಎಲ್ಲಿಡುವುದು? ಗೋಡೆಯ ಸಂದಿಯಲ್ಲಿ ಒಂದು ಪುಟ್ಟ ಡಬ್ಬಿ ಇಟ್ಟರೆ ಹುಡುಕಲು ಬಂದವರು ಹತ್ತು ಸಂದಿಗಳಿಗೆ ಕೈ ಹಾಕುತ್ತಾರೆ, ಸಡಿಲವಾದ ಕಲ್ಲನ್ನು ಎಳೆದು ನೋಡುತ್ತಾರೆ. ಅವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ, ಹುಡುಕಾಟದ ಸ್ವಭಾವವೇ ಅದು. ಶತಮಾನಗಳ ಮಳೆಬಿಸಿಲು ತಡೆದುಕೊಂಡ ಗಾರೆ ಎರಡು ಬೇಸಿಗೆ ರಜೆಗಳಲ್ಲಿ ಉದುರಿಹೋದರೆ ಅದನ್ನು ಮತ್ತೆ ತರಲು ಯಾರಿಂದಲೂ ಆಗುವುದಿಲ್ಲ.

ಆದ್ದರಿಂದ ಸ್ಮಾರಕಗಳಿಗೆ ಡಬ್ಬಿಯಿಲ್ಲದ ಕ್ಯಾಶ್ ಒಳ್ಳೆಯದು ಎಂಬಲ್ಲಿ ನನಗೆ ಅನುಮಾನವಿಲ್ಲ. ಗೊಂದಲ ಶುರುವಾಗುವುದು ಅದರ ನಂತರ. ವರ್ಚುವಲ್ ಕ್ಯಾಶ್, ಅರ್ತ್‌ಕ್ಯಾಶ್, ಅಡ್ವೆಂಚರ್ ಲ್ಯಾಬ್, ಡಬ್ಬಿ ದೂರವಿರುವ ಮಲ್ಟಿ ಕ್ಯಾಶ್, ಓಪನ್‌ಕ್ಯಾಶಿಂಗ್ ತಾಣಗಳು, ವೇಮಾರ್ಕಿಂಗ್ ಹೀಗೆ ದಾರಿಗಳು ಹಲವು. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ: ಹೋಗು, ನೋಡು, ಉತ್ತರ ಕೊಡು. ಒಳಗಿನ ವ್ಯವಸ್ಥೆ ಮಾತ್ರ ಬೇರೆಬೇರೆ. ತಪ್ಪಾದ ಬಗೆಯನ್ನು ಹಿಡಿದುಕೊಂಡರೆ ತಿಂಗಳುಗಟ್ಟಲೆ ಕೂತು ಬರೆದದ್ದು ಪ್ರಕಟವಾಗದೆ ಉಳಿಯಬಹುದು.

ಮೊದಲು ಅಳತೆಗೋಲು

ನಾನು ಯಾವ ಬಗೆಯನ್ನೇ ತೂಗಿ ನೋಡಲಿ, ಮೊದಲು ಕೇಳುವುದು ಸ್ಮಾರಕದ ಬಗ್ಗೆ. ಈ ಕ್ಯಾಶ್‌ಗಾಗಿ ನೂರು ಜನ ಬಂದುಹೋದ ಮೇಲೆ ಆ ಜಾಗ ಇವತ್ತು ಇದ್ದ ಹಾಗೆಯೇ ಇರುತ್ತದೆಯೇ? ಇದಕ್ಕೆ "ಹೌದು" ಎನ್ನಲಾಗದಿದ್ದರೆ ಮುಂದಿನ ಲೆಕ್ಕವೇ ಬೇಡ.

ಎರಡನೆಯದು, ಅದನ್ನು ಮಾಡುವ ಹಕ್ಕು ನಿಮಗಿದೆಯೇ ಎಂಬುದು. ಕೆಲವು ಬಗೆಗಳನ್ನು ಯಾರು ಬೇಕಾದರೂ ಇವತ್ತೇ ಶುರುಮಾಡಬಹುದು. ಕೆಲವಕ್ಕೆ ಜಿಯೋಕ್ಯಾಶಿಂಗ್ ಡಾಟ್ ಕಾಮ್ ತಾಣ ನಡೆಸುವ ಸಂಸ್ಥೆಯೇ ಅವಕಾಶ ಕೊಡಬೇಕು. ಮೂರನೆಯದು, ಬಂದವರು ನಿಜವಾಗಿಯೂ ಬಂದಿದ್ದರು ಎಂದು ಗೊತ್ತಾಗುವುದು ಹೇಗೆ, ಅದನ್ನು ನೋಡಿಕೊಳ್ಳುವವರು ಯಾರು? ಪ್ರತಿ ಉತ್ತರವನ್ನೂ ನೀವೇ ಓದಬೇಕೇ, ಆ್ಯಪ್ ತಾನೇ ನೋಡಿಕೊಳ್ಳುತ್ತದೆಯೇ? ಐದು ವರ್ಷ ದಾಟಿದ ಮೇಲೆ ಈ ಪ್ರಶ್ನೆಯ ಭಾರ ಗೊತ್ತಾಗುತ್ತದೆ.

ಸ್ಮಾರಕದ ಕಥೆಗೆ ಎಷ್ಟು ಜಾಗ ಸಿಗುತ್ತದೆ, ಬರುವವರ ಕೈಯಲ್ಲಿ ಏನಿರುತ್ತದೆ ಎಂಬುದನ್ನೂ ನೋಡಬೇಕು. ಎಲ್ಲರ ಬಳಿ ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಇದ್ದರೂ ದಪ್ಪ ಕಲ್ಲಿನ ಗೋಡೆಗಳ ನಡುವೆ ಸಿಗ್ನಲ್ ಇರುತ್ತದೆಂಬ ಖಾತ್ರಿ ಇಲ್ಲ. ಖರ್ಚಿನ ಮಾತು ಬಂದರೆ, ಇಲ್ಲಿ ಹೆಚ್ಚು ಖರ್ಚಾಗುವುದು ಹಣವಲ್ಲ, ಸಮಯ.

ವರ್ಚುವಲ್ ಕ್ಯಾಶ್: ಎಲ್ಲರ ಮೊದಲ ಆಸೆ

ಜಿಯೋಕ್ಯಾಶಿಂಗ್ ಹುಟ್ಟಿದ್ದು 2000ದ ಮೇ ತಿಂಗಳಲ್ಲಿ. ನಾಗರಿಕರಿಗೆ ಸಿಗುತ್ತಿದ್ದ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ ನಿಲ್ಲಿಸಿದ ಬೆನ್ನಿಗೇ, ಮೇ 3ರಂದು ಡೇವ್ ಉಲ್ಮರ್ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟನ್ನು ಅರ್ಧ ಮಣ್ಣಿನಲ್ಲಿ ಹೂತಿಟ್ಟು ಅದರ ನಿರ್ದೇಶಾಂಕಗಳನ್ನು ಹಂಚಿಕೊಂಡರು. ಇವತ್ತು ಅನುಮತಿಯಿಲ್ಲದೆ ಹಾಗೆ ನೆಲ ಅಗೆಯುವುದು ನಿಯಮಕ್ಕೆ ವಿರುದ್ಧ. ಡಬ್ಬಿ ಇಡಲಾಗದ ಜಾಗಗಳನ್ನೂ ಆಟದೊಳಗೆ ತರಲು ಬಂದದ್ದು ವರ್ಚುವಲ್ ಕ್ಯಾಶ್. ಅಲ್ಲಿಗೆ ಹೋಗಿ ಏನನ್ನೋ ಗಮನಿಸಿ ಕ್ಯಾಶ್ ಮಾಡಿದವರಿಗೆ, ಅಂದರೆ ಅದರ ಮಾಲೀಕರಿಗೆ, ಉತ್ತರ ಕಳಿಸಿದರೆ ಕ್ಯಾಶ್ ಸಿಕ್ಕಂತೆ.

ಆದರೆ ಯಾವ ಜಾಗಕ್ಕೆ ಆ ಯೋಗ್ಯತೆ ಇದೆ ಎಂದು ತೀರ್ಮಾನಿಸುವುದು, ಪ್ರಕಟಣೆಗೆ ಮೊದಲು ಕ್ಯಾಶ್‌ಗಳನ್ನು ನೋಡಿ ಒಪ್ಪುವ ಪರಿಶೀಲಕರಿಗೆ ತಲೆನೋವಾಯಿತು. "ಅಬ್ಬಾ" ಅನ್ನಿಸುವಂತಿರಬೇಕು ಎಂಬ ನಿಯಮ ಮಾಡಿದರು. ಒಬ್ಬರಿಗೆ ಅಬ್ಬಾ ಅನ್ನಿಸಿದ್ದು ಇನ್ನೊಬ್ಬರಿಗೆ ದಾರಿಬದಿಯ ಕಲ್ಲು. 2005ರಲ್ಲಿ ಹೊಸ ವರ್ಚುವಲ್‌ಗಳನ್ನು ಒಪ್ಪುವುದನ್ನೇ ನಿಲ್ಲಿಸಿದರು. ಹಳೆಯವು ಉಳಿದುಕೊಂಡವು. 2017ರಲ್ಲಿ ವರ್ಚುವಲ್ ರಿವಾರ್ಡ್ಸ್ ಎಂಬ ಹೆಸರಿನಲ್ಲಿ 4,000 ಆಟಗಾರರನ್ನು ಆರಿಸಿ ತಲಾ ಒಂದು ವರ್ಚುವಲ್ ಮಾಡುವ ಅವಕಾಶ ಕೊಟ್ಟರು. ಅದಾದ ಮೇಲೆಯೂ ಕೆಲವು ಸುತ್ತುಗಳು ನಡೆದಿವೆ.

ಅಂದರೆ ಈ ಅವಕಾಶ ಕೈಯಲ್ಲಿಲ್ಲದಿದ್ದರೆ ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನಲ್ಲಿ ಹೊಸ ವರ್ಚುವಲ್ ಮಾಡಲು ಆಗುವುದಿಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಸ್ಮಾರಕ ಆರಿಸಿ, ಪ್ರಶ್ನೆ ಬರೆದು, ಚಿತ್ರ ತೆಗೆದು, ಎಲ್ಲ ಮುಗಿದ ಮೇಲೆ ಆ ಬಗೆ ತಮಗೆ ತೆರೆದಿಲ್ಲವೆಂದು ತಿಳಿದು ಕೈಚೆಲ್ಲುತ್ತಾರೆ.

ನಿಮಗೆ ಆ ಅದೃಷ್ಟ ಒದಗಿದ್ದರೆ, ಅದನ್ನು ಒಂದು ಸ್ಮಾರಕಕ್ಕೆ ಮೀಸಲಿಡಿ ಎಂದು ಮನಸಾರೆ ಹೇಳುತ್ತೇನೆ. ಸಿಗುವುದು ಒಂದೇ, ಆದ್ದರಿಂದ ಡಬ್ಬಿ ಇಡಲು ಸಾಧ್ಯವೇ ಇಲ್ಲದ ಜಾಗಕ್ಕೆ ಅದು ಸಲ್ಲಬೇಕು. ಇದರ ಶಕ್ತಿ ಇರುವುದು ಮಾಲೀಕ ಮತ್ತು ಬಂದವರ ನಡುವೆ ನಡೆಯುವ ಮಾತುಕತೆಯಲ್ಲಿ. "ಎಡಗಡೆಯ ಆ ಮೂರ್ತಿಯ ಮುಖದಲ್ಲಿ ನಿಮಗೆ ಯಾವ ಭಾವ ಕಂಡಿತು?" ಎಂಬಂಥ, ಯಂತ್ರ ತಿದ್ದಲಾಗದ ಪ್ರಶ್ನೆಯನ್ನು ಇಲ್ಲಿ ಕೇಳಬಹುದು. ಅದಕ್ಕೆ ತೆರಬೇಕಾದ ಬೆಲೆಯೂ ಅದೇ, ಬಂದ ಉತ್ತರಗಳನ್ನು ವರ್ಷಗಟ್ಟಲೆ ನೀವೇ ಓದುತ್ತಿರಬೇಕು. ಮನೆಯಲ್ಲೇ ಕೂತು ಇಂಟರ್ನೆಟ್‌ನಲ್ಲಿ ಉತ್ತರ ಹುಡುಕಿ "ಹೋಗಿಬಂದೆ" ಎಂದು ಬರೆಯುವವರು ಹಳೆಯ ವರ್ಚುವಲ್‌ಗಳಿಗೆ ಅಂಟಿದ ದೊಡ್ಡ ಪಿಡುಗು. ಕ್ಯಾಶ್ ಪುಟದಲ್ಲಿ ಆಟಗಾರರು ಬರೆಯುವ ಇಂಥ ದಾಖಲೆಗೆ ಲಾಗ್ ಎನ್ನುತ್ತಾರೆ; ಸುಳ್ಳು ಲಾಗ್‌ಗಳನ್ನು ಅಳಿಸುವುದು ಮಾಲೀಕರ ಹೊಣೆ. ಆ ಕೆಲಸ ಬೇಸರ ತರುತ್ತದೆ, ಕೆಲವೊಮ್ಮೆ ಜಗಳವನ್ನೂ.

ಅಡ್ವೆಂಚರ್ ಲ್ಯಾಬ್: ನಡೆಸಿಕೊಂಡು ಹೋಗುವ ಕಥೆ

ದೊಡ್ಡ ಆವರಣದ ಸ್ಮಾರಕಕ್ಕೆ, ಅಂದರೆ ಬಾಗಿಲು, ಅಂಗಳ, ಬಾವಿ, ಬುರುಜು, ಗೋರಿ ಎಂದು ಹಲವು ಭಾಗಗಳಿರುವ ಜಾಗಕ್ಕೆ, ಇದಕ್ಕಿಂತ ಹೊಂದುವ ಬಗೆ ನನಗೆ ಕಂಡಿಲ್ಲ. ಒಂದು ಅಡ್ವೆಂಚರ್‌ನಲ್ಲಿ ಸಾಮಾನ್ಯವಾಗಿ ಐದು ಜಾಗಗಳು. ಪ್ರತಿ ಜಾಗಕ್ಕೂ ಒಂದು ಚಿತ್ರ, ಒಂದು ಬರಹ, ಒಂದು ಪ್ರಶ್ನೆ. ಫೋನು ಆ ಜಾಗದ ಸುತ್ತಲಿನ ವರ್ತುಲದೊಳಗೆ ಬಂದಾಗ ಪ್ರಶ್ನೆ ತೆರೆದುಕೊಳ್ಳುತ್ತದೆ, ಉತ್ತರ ಸರಿಯೋ ತಪ್ಪೋ ಎಂದು ಆ್ಯಪ್ ಅಲ್ಲೇ ಹೇಳುತ್ತದೆ. ಜಾಗಗಳನ್ನು ನೀವು ಹೇಳಿದ ಕ್ರಮದಲ್ಲೇ ನೋಡಬೇಕೆಂದು ಮಾಡಬಹುದು, ಹೇಗೆ ಬೇಕಾದರೂ ನೋಡಲಿ ಎಂದೂ ಬಿಡಬಹುದು. ಕ್ರಮ ಇದ್ದರೆ ಕಥೆ ಹರಿಯುತ್ತದೆ. ಆದರೆ ಅವತ್ತು ಮೂರನೆಯ ಜಾಗದಲ್ಲಿ ದುರಸ್ತಿ ನಡೆಯುತ್ತಿದ್ದು ಹಗ್ಗ ಕಟ್ಟಿದ್ದರೆ ದೂರದಿಂದ ಬಂದವರು ಅಲ್ಲಿಗೇ ನಿಲ್ಲಬೇಕಾಗುತ್ತದೆ. ಸ್ಮಾರಕಗಳಲ್ಲಿ ದುರಸ್ತಿ ಎಂಬುದು ಮುಗಿಯದ ಕೆಲಸ, ಹಾಗಾಗಿ ಕ್ರಮ ಬೇಡ ಎಂಬುದೇ ನನ್ನ ಆಯ್ಕೆ.

ಮಾಲೀಕರಿಗೆ ಇದರಲ್ಲಿ ದೊಡ್ಡ ನೆಮ್ಮದಿ ಇದೆ: ಉತ್ತರಗಳನ್ನು ಓದುವ, ತಿದ್ದುವ ಕೆಲಸವಿಲ್ಲ. ಕೊರತೆಯೂ ಇದೆ. ಆ್ಯಪ್‌ಗೆ ಒಂದು ಪದವೋ ಒಂದು ಸಂಖ್ಯೆಯೋ ಆಗಿರುವ ಚಿಕ್ಕ, ಖಚಿತ ಉತ್ತರ ಬೇಕು. "ಹನ್ನೆರಡು" ಎಂದು ಅಕ್ಷರದಲ್ಲಿ ಬರೆದವರಿಗೂ "12" ಎಂದು ಅಂಕೆಯಲ್ಲಿ ಬರೆದವರಿಗೂ ಒಂದೇ ಫಲ ಸಿಗಬೇಕೆಂದರೆ ಪ್ರಶ್ನೆಯಲ್ಲೇ "ಅಂಕೆಯಲ್ಲಿ ಬರೆಯಿರಿ" ಎಂದು ಹೇಳಿಬಿಡಬೇಕು. ಪ್ರಕಟಿಸುವ ಮೊದಲು ಪರಿಶೀಲಕರು ಯಾರೂ ನೋಡುವುದಿಲ್ಲವಾದ್ದರಿಂದ ತಪ್ಪು ನಿರ್ದೇಶಾಂಕವೂ ತಪ್ಪು ಇತಿಹಾಸವೂ ನೇರವಾಗಿ ಜನರ ಕೈಗೆ ಹೋಗುತ್ತವೆ. ಇತಿಹಾಸ ಬಲ್ಲವರೊಬ್ಬರಿಗೆ ಬರಹವನ್ನು ಮೊದಲೇ ತೋರಿಸಿಕೊಳ್ಳುವುದು ಒಳ್ಳೆಯದು.

ವರ್ಚುವಲ್‌ನ ಹಾಗೆಯೇ ಇದಕ್ಕೂ ಸಂಸ್ಥೆಯಿಂದ ಕ್ರೆಡಿಟ್, ಅಂದರೆ ಒಂದನ್ನು ಮಾಡುವ ಅವಕಾಶ, ಸಿಕ್ಕಿರಬೇಕು, ಮತ್ತು ಆಡಲು ಸ್ಮಾರ್ಟ್‌ಫೋನ್ ಬೇಕೇ ಬೇಕು. ಕೈಯಲ್ಲಿ ಹಿಡಿಯುವ ಹಳೆಯ ಜಿಪಿಎಸ್ ಸಾಧನ ಮಾತ್ರ ಇರುವವರಿಗೆ ಇದು ಇಲ್ಲ. ಸಿಗ್ನಲ್ ಇಲ್ಲದ ನೆಲಮಾಳಿಗೆಗೂ ಸಲ್ಲದು.

ಅರ್ತ್‌ಕ್ಯಾಶ್: ಕಥೆ ಕಲ್ಲಿನಲ್ಲೇ ಇದ್ದರೆ

ತೀರಾ ಕಡಿಮೆ ಜನ ಯೋಚಿಸುವ, ನನಗೆ ಬಹಳ ಪ್ರೀತಿಯ ದಾರಿ ಇದು. ಅಮೆರಿಕದ ಜಿಯಾಲಾಜಿಕಲ್ ಸೊಸೈಟಿಯ ಜೊತೆಗೂಡಿ 2004ರಲ್ಲಿ ಶುರುವಾದ ಈ ಬಗೆಗೆ ವಿಶೇಷ ಅವಕಾಶವೇನೂ ಬೇಡ, ಖರ್ಚೂ ಇಲ್ಲ. ಯಾರು ಬೇಕಾದರೂ ಬರೆದು ಕಳಿಸಬಹುದು. ಷರತ್ತು ಒಂದೇ, ಅದು ಭೂವಿಜ್ಞಾನದ ಪಾಠವಾಗಿರಬೇಕು. ರಾಜ ಯಾರು, ಯುದ್ಧ ಯಾವಾಗ ಎಂಬುದು ಪೂರಕ ಮಾತಾಗಿ ಬರಬಹುದು, ಮುಖ್ಯ ವಿಷಯವಾಗಲಾರದು. ಭೂವಿಜ್ಞಾನ ತಿಳಿದ ಪರಿಶೀಲಕರು ನೋಡುತ್ತಾರೆ, ಪಾಠ ತೆಳುವಾಗಿದ್ದರೆ ಹಿಂದಕ್ಕೆ ಕಳಿಸುತ್ತಾರೆ.

ಸ್ಮಾರಕದಲ್ಲಿ ಅಂಥ ಪಾಠ ಎಲ್ಲಿದೆ ಎನ್ನುತ್ತೀರಾ? ಗೋಡೆಯ ಹತ್ತಿರ ಹೋಗಿ ನೋಡಿ. ಗ್ರಾನೈಟ್ ಕಂಬದಲ್ಲಿ ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಹರಳುಗಳಿದ್ದರೆ ಆ ಶಿಲೆ ನೆಲದಾಳದಲ್ಲಿ ನಿಧಾನವಾಗಿ ತಣಿದು ಗಟ್ಟಿಯಾದದ್ದು ಎಂದು ಅದೇ ಹೇಳುತ್ತಿದೆ. ಮರಳುಗಲ್ಲಿನ ಗೋಡೆಯಲ್ಲಿ ಓರೆಯಾಗಿ ಸಾಗುವ ಪದರಗಳು ಕಂಡರೆ ಅವು ಒಂದು ಕಾಲದಲ್ಲಿ ನೀರೋ ಗಾಳಿಯೋ ಹೊತ್ತು ತಂದು ಹಾಕಿದ ಮರಳಿನ ದಿಣ್ಣೆಗಳ ಗುರುತು. ಅದೇ ಕಲ್ಲನ್ನು ಪದರಗಳು ನೆಟ್ಟಗೆ ನಿಂತು ಮುಖ ಹೊರಗೆ ಬರುವಂತೆ ಕೂರಿಸಿದ್ದರೆ ಹಾಳೆ ಬಿಡಿಸಿದ ಹಾಗೆ ಪದರಗಳು ಏಳುತ್ತಿರುತ್ತವೆ. ಸುಣ್ಣದಕಲ್ಲಿನ ಗೋಡೆಯಲ್ಲಿ ಮಳೆ ತೊಳೆಯದ ಮೂಲೆಗಳಲ್ಲಿ ಕಪ್ಪು ಪೊರೆ ಕಟ್ಟಿದ್ದರೆ ಅದು ಗಾಳಿಯಲ್ಲಿನ ಗಂಧಕದ ಹೊಗೆ ಕಲ್ಲಿನೊಡನೆ ಸೇರಿ ಆದ ಜಿಪ್ಸಂ, ಮಸಿ ಹಿಡಿದು ಕಪ್ಪಾದದ್ದು. ಗೋಡೆಯ ಬುಡದಲ್ಲಿ ಮೊಣಕಾಲೆತ್ತರದವರೆಗೆ ಮಾತ್ರ ಕಲ್ಲು ಪುಡಿಯಾಗಿದ್ದರೆ ನೆಲದಿಂದ ಏರಿದ ತೇವ ಆರಿದಾಗ ಅದರಲ್ಲಿದ್ದ ಉಪ್ಪು ಕಲ್ಲಿನ ರಂಧ್ರಗಳೊಳಗೆ ಹರಳುಗಟ್ಟಿ ಅದನ್ನು ಒಳಗಿನಿಂದ ಒಡೆಯುತ್ತಿದೆ ಎಂದರ್ಥ.

"ಮೊಣಕಾಲೆತ್ತರದಲ್ಲಿ ಕಲ್ಲಿನ ಮೈ ಹೇಗಿದೆ, ತಲೆಯೆತ್ತರದಲ್ಲಿ ಹೇಗಿದೆ, ವ್ಯತ್ಯಾಸ ಏಕೆ?" ಎಂಬ ಒಂದೇ ಪ್ರಶ್ನೆ ಬಂದವರನ್ನು ಹತ್ತು ನಿಮಿಷ ಗೋಡೆಯ ಮುಂದೆ ನಿಲ್ಲಿಸುತ್ತದೆ. ಕೈಯಿಂದ ಮುಟ್ಟದೆ, ಕಣ್ಣಿನಿಂದ. ಸ್ಮಾರಕ ಹೇಗೆ ಸವೆಯುತ್ತದೆ ಎಂದು ಹೀಗೆ ಒಮ್ಮೆ ನೋಡಿದವರು ಮುಂದೆಂದೂ ಗೋಡೆಗೆ ಕಾಲು ಕೊಟ್ಟು ನಿಲ್ಲಲಾರರು ಎಂದು ನನ್ನ ನಂಬಿಕೆ. ಉತ್ತರ ಪಕ್ಕದ ಫಲಕದಲ್ಲಿ ಬರೆದಿದ್ದರೆ ಸಾಲದು, ಕಣ್ಣಾರೆ ಕಂಡು ಯೋಚಿಸಿ ಹೇಳುವಂತಿರಬೇಕು ಎಂಬುದು ಈ ಬಗೆಯ ನಿಯಮ. ಬಂದವರು ಉತ್ತರ ಕಳಿಸಿ, ನಿಮ್ಮ ಮರುಮಾತಿಗೆ ಕಾಯದೆ ಲಾಗ್ ಮಾಡಬಹುದು.

ಕಷ್ಟವಿರುವುದು ನಿಮ್ಮ ಓದಿನಲ್ಲಿ. ಕಲ್ಲಿನ ಜಾತಿಯನ್ನು ಊಹಿಸಿ ಬರೆಯುವಂತಿಲ್ಲ, ಕೂತು ಕಲಿಯಬೇಕು. ಹಣವಿಲ್ಲದಿದ್ದರೂ ತಾಳ್ಮೆ ಇರುವವರಿಗೆ ಹೇಳಿಮಾಡಿಸಿದ ಬಗೆ.

ಮಲ್ಟಿ ಕ್ಯಾಶ್: ಪ್ರಶ್ನೆ ಇಲ್ಲಿ, ಡಬ್ಬಿ ಅಲ್ಲಿ

ವಿಶೇಷ ಅವಕಾಶವಿಲ್ಲದ, ಆದರೆ ಇತಿಹಾಸವನ್ನೇ ಹೇಳಬೇಕೆಂಬ ಹಂಬಲವಿರುವವರಿಗೆ ನಾನು ಸೂಚಿಸುವುದು ಇದನ್ನೇ. ಸ್ಮಾರಕದ ಆವರಣದಲ್ಲಿ ಮೂರೋ ನಾಲ್ಕೋ ವರ್ಚುವಲ್ ಹಂತಗಳು. ಅಲ್ಲಿ ಏನನ್ನೂ ಇಡುವುದಿಲ್ಲ, ಪ್ರಶ್ನೆಗಳು ಮಾತ್ರ. ಉತ್ತರವಾಗಿ ಬಂದ ಅಂಕೆಗಳನ್ನು ಸೂತ್ರಕ್ಕೆ ಹಾಕಿದರೆ ಸಂರಕ್ಷಿತ ಆವರಣದಿಂದ ಸಾಕಷ್ಟು ಆಚೆ, ಅನುಮತಿ ಪಡೆದ ಜಾಗದಲ್ಲಿರುವ ನಿಜವಾದ ಡಬ್ಬಿಯ ನಿರ್ದೇಶಾಂಕ ಸಿಗುತ್ತದೆ. ಎರಡು ಕ್ಯಾಶ್‌ಗಳ ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕೆಂಬ ನಿಯಮ ವರ್ಚುವಲ್ ಹಂತಗಳಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಒಂದೇ ಅಂಗಳದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ತೊಂದರೆಯಿಲ್ಲ. ಕೊನೆಯ ಡಬ್ಬಿಗೆ ಮಾತ್ರ ಆ ಲೆಕ್ಕ.

ಸೂತ್ರ ಕಟ್ಟುವಾಗ ಒಂದು ಲೆಕ್ಕ ನೆನಪಿರಲಿ. ಜಿಯೋಕ್ಯಾಶಿಂಗ್‌ನಲ್ಲಿ ನಿರ್ದೇಶಾಂಕವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ, ಮೂರು ಸ್ಥಾನಗಳವರೆಗೆ ಬರೆಯುತ್ತಾರೆ. ಅಕ್ಷಾಂಶದಲ್ಲಿ ಕೊನೆಯ ಅಂಕೆ ಒಂದು ಹೆಚ್ಚುಕಡಿಮೆಯಾದರೆ ನೆಲದ ಮೇಲೆ ಸುಮಾರು 1.8 ಮೀಟರ್ ವ್ಯತ್ಯಾಸ, ಅದರ ಹಿಂದಿನದಾದರೆ 18 ಮೀಟರ್, ಮೊದಲ ದಶಮಾಂಶವಾದರೆ 185 ಮೀಟರ್. ಕಂಬಗಳನ್ನು ಎಣಿಸುವಂಥ, ಒಂದು ತಪ್ಪಬಹುದಾದ ಉತ್ತರವನ್ನು ಕೊನೆಯ ಸ್ಥಾನಕ್ಕೆ ಬಳಸಿ, ಕಲ್ಲಿನಲ್ಲಿ ಕೆತ್ತಿದ ವರ್ಷದಂಥ ಅನುಮಾನವಿಲ್ಲದ ಅಂಕೆಗಳನ್ನು ಮೊದಲ ಸ್ಥಾನಗಳಿಗೆ ಇಡಿ. ಎಲ್ಲ ಉತ್ತರಗಳ ಮೊತ್ತ ಎಷ್ಟು ಬರಬೇಕೆಂದೂ ಪುಟದಲ್ಲಿ ಹೇಳಿಬಿಡಿ. ಆಗ ತಪ್ಪು ಲೆಕ್ಕ ಹಿಡಿದುಕೊಂಡು ಯಾರೂ ಪಕ್ಕದ ಪಾಳುಗೋಡೆಯನ್ನು ತಡಕಾಡುವುದಿಲ್ಲ. ಸ್ಮಾರಕದ ರಕ್ಷಣೆ ಈ ಸಣ್ಣ ಗಣಿತದಲ್ಲೂ ಇದೆ.

ಅನಾನುಕೂಲ ಎಂದರೆ ಡಬ್ಬಿಯ ಆರೈಕೆ. ನೀರು ನುಗ್ಗುತ್ತದೆ, ಬಂದವರು ಹೆಸರು ಬರೆಯುವ ಲಾಗ್ ಪುಸ್ತಕ ತುಂಬುತ್ತದೆ, ಕೆಲವೊಮ್ಮೆ ಡಬ್ಬಿಯೇ ಕಾಣೆಯಾಗುತ್ತದೆ. ಆಗಾಗ ಹೋಗಿಬರುವಷ್ಟು ಹತ್ತಿರದಲ್ಲಿ ನೀವಿಲ್ಲದಿದ್ದರೆ ಇದರ ಗೊಡವೆಗೆ ಹೋಗಬೇಡಿ. ಪ್ರವಾಸದಲ್ಲಿ ಕಂಡು ಮೆಚ್ಚಿದ ದೂರದೂರಿನ ಸ್ಮಾರಕಕ್ಕೆ ಇದು ಆಗದು.

ಉಳಿದ ದಾರಿಗಳು

ಓಪನ್‌ಕ್ಯಾಶಿಂಗ್ ಹೆಸರಿನ ತಾಣಗಳು ಬೇರೆಬೇರೆ ದೇಶಗಳಲ್ಲಿ ಸ್ವಯಂಸೇವಕರು ನಡೆಸುವಂಥವು. ಅವುಗಳಲ್ಲಿ ಕೆಲವು ವರ್ಚುವಲ್ ಕ್ಯಾಶ್‌ಗಳನ್ನು ಈಗಲೂ ಒಪ್ಪುತ್ತವೆ. ಉತ್ತರವನ್ನೇ ಲಾಗ್‌ನ ಪಾಸ್‌ವರ್ಡ್ ಆಗಿ ಇಡುವ ಸೌಲಭ್ಯವೂ ಇದೆ, ಉತ್ತರ ಗೊತ್ತಿಲ್ಲದವರು ಲಾಗ್ ಮಾಡಲಾಗದು. ಹಣ ಬೇಡ, ಅವಕಾಶಕ್ಕೆ ಕಾಯುವುದೂ ಬೇಡ. ಆಟಗಾರರ ಸಂಖ್ಯೆ ಮಾತ್ರ ಬಹಳ ಕಡಿಮೆ, ನಿಮ್ಮ ಸ್ಮಾರಕಕ್ಕೆ ವರ್ಷಕ್ಕೆ ಇಬ್ಬರೋ ಮೂವರೋ ಬರಬಹುದು. ಜನಜಂಗುಳಿ ತಡೆಯಲಾರದ ನಾಜೂಕಾದ ಜಾಗವಾದರೆ ಅದೇ ಒಳ್ಳೆಯದು.

ವೇಮಾರ್ಕಿಂಗ್ 2005ರಲ್ಲಿ, ವರ್ಚುವಲ್‌ಗಳು ನಿಂತ ಹೊತ್ತಿನಲ್ಲೇ, ಅದೇ ಸಂಸ್ಥೆ ತೆರೆದ ತಾಣ. ಸ್ಮಾರಕಗಳನ್ನು ವರ್ಗವರ್ಗವಾಗಿ ದಾಖಲಿಸಲು ಚೆನ್ನ. ಹುಡುಕಾಟದ ಸುಖ ಕಡಿಮೆ, ಸಿಕ್ಕ ಕ್ಯಾಶ್‌ಗಳ ಲೆಕ್ಕಕ್ಕೂ ಸೇರುವುದಿಲ್ಲ. ದಾಖಲೆಯೇ ಗುರಿಯಾದರೆ ಸಾಕು.

ಕ್ಯೂಆರ್ ಸ್ಟಿಕರ್ ಅಂಟಿಸುವ ಆಟಗಳನ್ನು ಸ್ಮಾರಕದ ಹತ್ತಿರವೂ ತರಬೇಡಿ. ಕಲ್ಲಿಗೆ ಅಂಟಿದ ಗೋಂದು ತೆಗೆಯುವಾಗ ಕಲ್ಲಿನ ಮೈಯೂ ಕಿತ್ತುಬರುತ್ತದೆ.

ಶಾಲೆಯ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರಿಗೆ ಇವು ಯಾವುವೂ ಬೇಕಿಲ್ಲದಿರಬಹುದು. ನಾಲ್ಕೈದು ನಿರ್ದೇಶಾಂಕಗಳು, ಒಂದು ಪ್ರಶ್ನೆಪತ್ರಿಕೆ, ಗುಂಪಿಗೊಂದು ಫೋನು, ಇಷ್ಟಿದ್ದರೆ ಆಟ ಸಿದ್ಧ. ಯಾವ ತಾಣದ ನಿಯಮವೂ ಅಡ್ಡ ಬರುವುದಿಲ್ಲ, ಯಾವ ಮಗುವಿನ ಹೆಸರೂ ಎಲ್ಲಿಯೂ ದಾಖಲಾಗುವುದಿಲ್ಲ.

ಯಾವ ಬಗೆಯಾದರೂ ಪ್ರಶ್ನೆ ಗಟ್ಟಿಯಿರಬೇಕು

ಡಬ್ಬಿಯಿಲ್ಲದ ಕ್ಯಾಶ್‌ನಲ್ಲಿ ಪ್ರಶ್ನೆಯೇ ಡಬ್ಬಿ. ನಾನು ಮೊದಲ ಸಲ ಮಾಡಿದಾಗ ಪ್ರವೇಶದ್ವಾರದ ಮಾಹಿತಿ ಫಲಕದ ಮೂರನೆಯ ಸಾಲಿನ ಎರಡನೆಯ ಪದವನ್ನು ಕೇಳಿದ್ದೆ. ಒಂದು ವರ್ಷ ಕಳೆಯುವುದರೊಳಗೆ ಫಲಕವನ್ನು ಬದಲಿಸಿದರು. ದೂರದಿಂದ ಬಂದ ಒಂದು ಕುಟುಂಬ ಬಿಸಿಲಲ್ಲಿ ಅರ್ಧ ಗಂಟೆ ಹುಡುಕಿ ಬರಿಗೈಯಲ್ಲಿ ಹೋಯಿತು ಎಂದು ಅವರ ಬರಹದಿಂದ ತಿಳಿದಾಗ ಬಹಳ ನೋವಾಯಿತು. ಅಂದಿನಿಂದ ಬಣ್ಣದಲ್ಲಿ ಬರೆದದ್ದನ್ನು, ಮೊಳೆ ಹೊಡೆದು ನಿಲ್ಲಿಸಿದ್ದನ್ನು ನಾನು ಕೇಳುವುದಿಲ್ಲ. ಕಲ್ಲಿನಲ್ಲಿ ಕೆತ್ತಿದ್ದನ್ನು ಮಾತ್ರ ಕೇಳುತ್ತೇನೆ. ಜೊತೆಗೆ ಒಂದು ಬದಲಿ ಪ್ರಶ್ನೆಯನ್ನು ಬರೆದಿಟ್ಟುಕೊಂಡಿರುತ್ತೇನೆ.

ಉತ್ತರ ಇಂಟರ್ನೆಟ್‌ನಲ್ಲಿ ಸಿಗುವಂತಿರಬಾರದು. ಕಟ್ಟಿದ ವರ್ಷ, ಕಟ್ಟಿಸಿದವರ ಹೆಸರು ಎಲ್ಲ ಕಡೆಯೂ ಇರುತ್ತದೆ, ಮುಂಭಾಗದ ಚಿತ್ರಗಳೂ ಬೇಕಾದಷ್ಟಿವೆ. ಪ್ರವಾಸಿಗರು ಫೋಟೋ ತೆಗೆಯದ ಹಿಂಬದಿಗೆ, ಕಂಬದ ಬುಡದ ಪುಟ್ಟ ಕೆತ್ತನೆಗೆ ಕಣ್ಣು ಹರಿಯಲಿ. ಆದರೆ ಉತ್ತರಕ್ಕಾಗಿ ಯಾರೂ ಹತ್ತುವಂತೆ, ಮುಟ್ಟುವಂತೆ, ಬೇಲಿ ದಾಟುವಂತೆ ಆಗಬಾರದು. ಪೂಜೆಯೋ ಪ್ರಾರ್ಥನೆಯೋ ಇನ್ನೂ ನಡೆಯುವ ಜಾಗವಾದರೆ ಪ್ರಶ್ನೆ ಹೊರಗಿನ ಅಂಗಳದಲ್ಲೇ ಮುಗಿಯಲಿ. ಗಾಲಿಕುರ್ಚಿಯಲ್ಲಿ ಬರುವವರಿಗೂ ಕಾಣುವಂಥದ್ದಾದರೆ ಇನ್ನೂ ಒಳ್ಳೆಯದು. ಫೋಟೋ ಕೇಳುವುದಾದರೆ ಮುಖ ಕಾಣಲೇಬೇಕೆಂದು ಒತ್ತಾಯ ಬೇಡ, ಆಟದಲ್ಲಿ ತಮಗಿರುವ ಹೆಸರು ಬರೆದ ಚೀಟಿಯೂ ನಡೆಯುತ್ತದೆ.

ನಿರ್ದೇಶಾಂಕವನ್ನು ಕೆತ್ತನೆಯ ಮೇಲೆ ಅಲ್ಲ, ಅದನ್ನು ನೋಡಲು ನಿಲ್ಲಬೇಕಾದ ಕಾಲುದಾರಿಯ ಮೇಲೆ ಗುರುತಿಸಿ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್‌ವರೆಗೆ ತಪ್ಪಬಹುದು. ಎತ್ತರದ ಗೋಡೆಗಳ ಬಳಿ ಸಂಕೇತ ಕಲ್ಲಿಗೆ ಬಡಿದು ತಿರುಗಿ ಬರುವುದರಿಂದ ಇನ್ನೂ ಹೆಚ್ಚು. ಬೇರೆಬೇರೆ ಹೊತ್ತಿನಲ್ಲಿ ಮೂರು ನಾಲ್ಕು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ.

ಹಾಗಾದರೆ ಯಾವುದು?

ವರ್ಚುವಲ್ ಅವಕಾಶ ಕೈಯಲ್ಲಿದ್ದು, ಉತ್ತರಗಳನ್ನು ಓದುವ ಉತ್ಸಾಹವೂ ಇದ್ದರೆ ಅದನ್ನೇ ಮಾಡಿ. ಅಡ್ವೆಂಚರ್ ಲ್ಯಾಬ್ ಕ್ರೆಡಿಟ್ ಇದ್ದು ಸ್ಮಾರಕ ವಿಶಾಲವಾಗಿದ್ದರೆ, ಅಥವಾ ದಿನನಿತ್ಯದ ಉಸ್ತುವಾರಿಗೆ ನಿಮಗೆ ಪುರಸೊತ್ತಿಲ್ಲದಿದ್ದರೆ ಲ್ಯಾಬ್ ಸರಿ. ಎರಡೂ ಇಲ್ಲದಿದ್ದರೆ, ಆ ಜಾಗ ನಿಮಗೆ ಎಷ್ಟು ಹತ್ತಿರ ಎಂಬುದೇ ತೀರ್ಮಾನ ಹೇಳುತ್ತದೆ. ಹತ್ತಿರವಾದರೆ ಮಲ್ಟಿ, ದೂರವಾಗಿದ್ದು ಕಲ್ಲಿನ ಬಗ್ಗೆ ಆಸಕ್ತಿಯಿದ್ದರೆ ಅರ್ತ್‌ಕ್ಯಾಶ್. ಆದರೂ ಅರ್ತ್‌ಕ್ಯಾಶ್ ಬರೆಯುವ ಮೊದಲು ಒಂದು ಸಲವಾದರೂ ಅಲ್ಲಿ ಹೋಗಿ ನಿಂತಿರಬೇಕು. ಲ್ಯಾಬನ್ನೂ ಡಬ್ಬಿಯನ್ನೂ ಜೋಡಿಸುವುದೂ ಉಂಟು: ಲ್ಯಾಬ್‌ನ ಐದು ಜಾಗಗಳಲ್ಲಿ ಸುಳಿವುಗಳನ್ನಿಟ್ಟು, ಆವರಣದ ಆಚೆ ಒಂದು ಬೋನಸ್ ಡಬ್ಬಿ ಇಡಬಹುದು. ಮಕ್ಕಳಿರುವ ಕುಟುಂಬಗಳಿಗೆ ಇದು ತುಂಬ ಇಷ್ಟವಾಗುತ್ತದೆ, ಕೊನೆಯಲ್ಲಿ ಕೈಗೆ ಏನಾದರೂ ಸಿಗಬೇಕಲ್ಲ.

ಬಗೆ ಯಾವುದೇ ಇರಲಿ, ಪುಟ ಬರೆಯಲು ಕೂರುವ ಮೊದಲು ಸ್ಮಾರಕವನ್ನು ನೋಡಿಕೊಳ್ಳುವವರ ಹತ್ತಿರ ಹೋಗಿ ಮಾತನಾಡಿ. ಡಬ್ಬಿ ಇಡುವುದಿಲ್ಲ, ಅಂಟಿಸುವುದಿಲ್ಲ, ಅಗೆಯುವುದಿಲ್ಲ ಎಂದು ಮೊದಲೇ ಹೇಳಿ, ಪ್ರಶ್ನೆಗಳನ್ನು ತೋರಿಸಿ. ಯಾವ ಭಾಗ ಕುಸಿಯುವಂತಿದೆ, ಮುಂದಿನ ದುರಸ್ತಿ ಎಲ್ಲಿ, ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅಲ್ಲಿನ ಕಾವಲುಗಾರರನ್ನೂ ಮರೆಯದೆ ಮಾತನಾಡಿಸಿ. ದಿನವಿಡೀ ಆ ಕಲ್ಲುಗಳ ನಡುವೆ ಇರುವವರು ಅವರು, ಯಾರೂ ನೋಡದ ಕೆತ್ತನೆ ಯಾವ ಮೂಲೆಯಲ್ಲಿದೆ ಎಂದು ಬೆರಳು ತೋರಿಸಿ ಹೇಳುತ್ತಾರೆ. ನನ್ನ ಒಳ್ಳೆಯ ಪ್ರಶ್ನೆಗಳು ಸಿಕ್ಕಿದ್ದು ಹಾಗೆಯೇ.